ಹೂವಿಗೆ ಮಳೆ, ನಕ್ಷತ್ರಕ್ಕೆ ಅಮಾವಾಸ್ಯೆ: ಪಶ್ಚಿಮ ಆಸ್ಟ್ರೇಲಿಯಾದ ರಸ್ತೆಯಲ್ಲಿ ಹತ್ತು ದಿನ

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಶಿವಮೊಗ್ಗದಲ್ಲಿ ಉಪನ್ಯಾಸಕರಾಗಿದ್ದು ನಿವೃತ್ತರಾದವರು. ಆಗಸ್ಟ್ ವೇಳೆಗೆ ಪರ್ತ್‌ನಲ್ಲಿರುವ ಮಗಳ ಮನೆಗೆ ಹೋಗಲಿದ್ದೇವೆ. ಅಲ್ಲಿಂದ ಕಾರಿನಲ್ಲಿ ಹತ್ತು ದಿನ ಸುತ್ತಿ, ಕಾಡುಹೂಗಳನ್ನೂ ದಕ್ಷಿಣದ ಆಕಾಶವನ್ನೂ ನೋಡಬೇಕೆಂಬ ಆಸೆ. ಕೇಳಿದವರೆಲ್ಲ ನೋಡಲೇಬೇಕಾದ ಸ್ಥಳಗಳ ಒಂದೊಂದು ಪಟ್ಟಿ ಕೊಡುತ್ತಿದ್ದಾರೆ. ನಮ್ಮಲ್ಲಿ ದೂರದರ್ಶಕವಿಲ್ಲ, ಒಂದು ಬೈನಾಕ್ಯುಲರ್ ಮಾತ್ರ ಇದೆ. ಯಾವಾಗ ಹೊರಡಬೇಕು, ಎಲ್ಲಿಗೆ ಹೋಗಬೇಕು, ಹೇಗೆ ನೋಡಬೇಕು?

ಉತ್ತರ: ಪಟ್ಟಿಗಳನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಪ್ರವಾಸದ ದಿನಾಂಕವನ್ನು ಚಂದ್ರ ನಿರ್ಧರಿಸಲಿ, ಹಾದಿಯನ್ನು ಆ ವರ್ಷದ ಮಳೆ ನಿರ್ಧರಿಸಲಿ. ಈ ಎರಡನ್ನು ಬಿಟ್ಟು ಸ್ಥಳಗಳ ಹೆಸರು ಹಿಡಿದು ಹೊರಟವರು ಸಾವಿರಾರು ಕಿಲೋಮೀಟರ್ ಕಾರು ಓಡಿಸಿ, ಬೋಳು ಬಯಲನ್ನೂ ಬೆಳದಿಂಗಳಲ್ಲಿ ಮಂಕಾದ ಆಕಾಶವನ್ನೂ ನೋಡಿ ಮರಳುವುದನ್ನು ನಾನು ಕಂಡಿದ್ದೇನೆ.

ಮೊದಲು ದಿನಾಂಕದ ವಿಷಯ. ಇದಕ್ಕೆ ನಿಮ್ಮ ಮನೆಯ ಗೋಡೆಯ ಮೇಲಿರುವ ಕ್ಯಾಲೆಂಡರ್ ಸಾಕು. ಗಣೇಶನ ಹಬ್ಬಕ್ಕೆ ಮುಂಚೆ ಬರುವ ಬೆನಕನ ಅಮಾವಾಸ್ಯೆಯನ್ನು ಗುರುತು ಹಾಕಿಕೊಂಡು, ಅದರ ಹಿಂದಿನ ಬಹುಳ ಅಷ್ಟಮಿಯಿಂದ ಮುಂದಿನ ಶುದ್ಧ ತದಿಗೆಯವರೆಗಿನ ದಿನಗಳನ್ನು ರಸ್ತೆಗೆ ಮೀಸಲಿಡಿ. ಆ ದಿನಗಳಲ್ಲಿ ಚಂದ್ರನು ಒಂದೋ ನಡುರಾತ್ರಿಯ ಹೊತ್ತಿಗೆ ಇಲ್ಲವೇ ಅದಕ್ಕೂ ತಡವಾಗಿ ಉದಯಿಸುತ್ತಾನೆ, ಒಂದೋ ಸಂಜೆಯೇ ಮುಳುಗುತ್ತಾನೆ. ಹೀಗಾಗಿ ರಾತ್ರಿಯ ಮೊದಲ ಜಾವ ಬಹುಮಟ್ಟಿಗೆ ಕತ್ತಲಾಗಿ ನಿಮ್ಮ ಪಾಲಿಗೆ ಸಿಗುತ್ತದೆ. ಬೆನಕನ ಅಮಾವಾಸ್ಯೆ ಸೆಪ್ಟೆಂಬರ್ 10ರ ಆಚೆಗೆ ಬೀಳುವ ವರ್ಷವಾದರೆ ಅದರ ಹಿಂದಿನ ಅಮಾವಾಸ್ಯೆಯನ್ನು, ಸಾಮಾನ್ಯವಾಗಿ ಭೀಮನ ಅಮಾವಾಸ್ಯೆಯನ್ನು, ಆರಿಸಿಕೊಳ್ಳಿ. ಏಕೆಂದರೆ ಪರ್ತ್‌ನ ಉತ್ತರದ ಒಳನಾಡಿನಲ್ಲಿ ಹೂವಿನ ಹಾಸು ಸಾಮಾನ್ಯವಾಗಿ ಜುಲೈ ಕೊನೆಯಲ್ಲಿ ಆರಂಭವಾಗಿ ಸೆಪ್ಟೆಂಬರ್ ನಡುಭಾಗದ ಹೊತ್ತಿಗೆ ಒಣಗುತ್ತದೆ.

ಇನ್ನು ಮಳೆ. ಚಿತ್ರಗಳಲ್ಲಿ ನೀವು ನೋಡಿರಬಹುದಾದ, ಬಿಳಿ, ಗುಲಾಬಿ ಮತ್ತು ಹಳದಿ ಬಣ್ಣದ ಹೂಗಳು ದಿಗಂತದವರೆಗೆ ಹಾಸಿರುವ ದೃಶ್ಯ ಎವರ್‌ಲಾಸ್ಟಿಂಗ್ ಎಂಬ, ಸೇವಂತಿಗೆಯ ಕುಟುಂಬಕ್ಕೆ ಸೇರಿದ ಸಣ್ಣ ಗಿಡಗಳದ್ದು. ಇವುಗಳ ಆಯುಷ್ಯ ಕೆಲವೇ ತಿಂಗಳು. ಬೀಜ ಮಣ್ಣಿನಲ್ಲಿ ಕಾದಿರುತ್ತದೆ. ಏಪ್ರಿಲ್‌ನಿಂದ ಜೂನ್ ನಡುವೆ ಹದವಾದ ಮಳೆ ಬಿದ್ದರೆ ಮೊಳೆಯುತ್ತದೆ, ಅನಂತರವೂ ಆಗಾಗ ಮಳೆ ಬರುತ್ತಿದ್ದರೆ ಮಾತ್ರ ಹೂವಿನವರೆಗೆ ಉಳಿಯುತ್ತದೆ. ಆದ್ದರಿಂದ ಏಪ್ರಿಲ್‌ನಿಂದ ಜುಲೈವರೆಗೆ ಮಲ್ಲೆವಾ, ಮೊರಾವಾ, ಪೆರೆಂಜೋರಿ ಊರುಗಳ ಮಳೆಯ ಪ್ರಮಾಣವನ್ನು ಆಸ್ಟ್ರೇಲಿಯಾದ ಹವಾಮಾನ ಇಲಾಖೆಯ ತಾಣದಲ್ಲಿ ಗಮನಿಸುತ್ತಿರಲು ನಿಮ್ಮ ಮಗಳಿಗೆ ಹೇಳಿ. ಮಳೆ ಚೆನ್ನಾಗಿದ್ದರೆ ಒಳನಾಡಿಗೆ ಹೆಚ್ಚು ದಿನ ಕೊಡಿ. ಮಳೆ ಕೈಕೊಟ್ಟಿದ್ದರೆ ಪ್ರವಾಸವನ್ನು ಕೈಬಿಡಬೇಕಾಗಿಲ್ಲ; ಕರಾವಳಿಯ ಮರಳುಬಯಲಿನ ಕುರುಚಲಿನಲ್ಲಿ ಹೆಚ್ಚು ದಿನ ಕಳೆಯಿರಿ. ಅಲ್ಲಿನ ಪೊದೆಗಳು ಬಹುವಾರ್ಷಿಕ. ಅವುಗಳಲ್ಲಿ ಅನೇಕ ಜಾತಿಗಳ ಬೇರು ಆಳಕ್ಕೆ ಇಳಿದಿರುವುದರಿಂದ ಬರದ ವರ್ಷದಲ್ಲೂ ಅವು ಹೂ ಬಿಡದೆ ಇರುವುದಿಲ್ಲ.

ಹಾದಿ ಹೀಗಿರಲಿ. ಪರ್ತ್‌ನ ಕಿಂಗ್ಸ್ ಪಾರ್ಕ್ ಸಸ್ಯೋದ್ಯಾನದಲ್ಲಿ ಒಂದು ದಿನ; ಅಲ್ಲಿ ಗಿಡಗಳಿಗೆ ಹೆಸರಿನ ಫಲಕಗಳಿವೆ, ಮುಂದೆ ರಸ್ತೆಯಲ್ಲಿ ಕಾಣಲಿರುವವರ ಪರಿಚಯ ಅಲ್ಲೇ ಆಗುತ್ತದೆ. ಆಮೇಲೆ ಉತ್ತರಕ್ಕೆ ಕರಾವಳಿಯ ದಾರಿಯಲ್ಲಿ ಜೂರಿಯನ್ ಬೇ, ಅದರ ಒಳಭಾಗದ ಲೆಸ್ಯೂರ್ ರಾಷ್ಟ್ರೀಯ ಉದ್ಯಾನ, ಎನೇಬಾದ ಮರಳುಬಯಲು, ಪರ್ತ್‌ನಿಂದ ಸುಮಾರು 420 ಕಿ.ಮೀ. ದೂರದ ಜೆರಾಲ್ಟನ್. ಅಲ್ಲಿಂದ ಪೂರ್ವಕ್ಕೆ ಸುಮಾರು 100 ಕಿ.ಮೀ. ಹೋದರೆ ಮಲ್ಲೆವಾ. ಮರಳುವಾಗ ಕೋಲ್‌ಸೀಮ್ ಸಂರಕ್ಷಿತ ಉದ್ಯಾನ, ಮೊರಾವಾ, ಪೆರೆಂಜೋರಿ, ವೊಂಗಾನ್ ಹಿಲ್ಸ್ ಮೂಲಕ ಪರ್ತ್. ಒಟ್ಟು ದೂರ ಹತ್ತು ದಿನಕ್ಕೆ ಕಡಿಮೆ ಎನಿಸಬಹುದು. ಆದರೆ ನಿಮಗೆ ಬೇಕಾಗಿರುವುದು ಕಾರಿನಿಂದ ಇಳಿದು ನಡೆಯುವ ಹೊತ್ತು, ಅದಕ್ಕಾಗಿಯೇ ದೂರವನ್ನು ಬೇಕೆಂದೇ ಕಡಿಮೆ ಇಟ್ಟಿದ್ದೇನೆ.

ಈ ಹಾದಿಯಲ್ಲಿ ಒಂದೇ ಜಾಗಕ್ಕೆ ಹೋಗಲು ಸಾಧ್ಯವೆಂದಾದರೆ ನಾನು ಲೆಸ್ಯೂರ್‌ಗೆ ಹೋಗುತ್ತೇನೆ. ಹೂವಿನ ಹಾಸನ್ನು ನಿರೀಕ್ಷಿಸಿ ಬಂದವರಿಗೆ ಅದು ಮೊದಲ ನೋಟಕ್ಕೆ ನಿರಾಸೆ ತರಬಹುದು: ಸೊಂಟದ ಎತ್ತರದ, ಬೂದು ಹಸಿರಿನ, ಮುಟ್ಟಿದರೆ ಚುಚ್ಚುವ ಕುರುಚಲು, ಅದರ ನಡುವೆ ಜಲ್ಲಿಗಲ್ಲು. ಆದರೆ ಈ ಒಂದು ಉದ್ಯಾನದಲ್ಲಿ 900ಕ್ಕೂ ಹೆಚ್ಚು ಸಸ್ಯಜಾತಿಗಳಿವೆ. ಇಡೀ ನೈಋತ್ಯ ಆಸ್ಟ್ರೇಲಿಯಾದಲ್ಲಿ ಸುಮಾರು 8,000 ಸಸ್ಯಜಾತಿಗಳಿದ್ದು, ಅವುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜಗತ್ತಿನ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ನಮ್ಮ ಪಶ್ಚಿಮ ಘಟ್ಟದಂತೆ ಇದೂ ಜಗತ್ತಿನ ಜೀವವೈವಿಧ್ಯದ ಬಿಸಿತಾಣಗಳಲ್ಲಿ ಒಂದು. ವ್ಯತ್ಯಾಸವೆಂದರೆ ಇಲ್ಲಿ ಮಳೆಕಾಡಿನ ಸಮೃದ್ಧಿಯಿಲ್ಲ. ಈ ವೈವಿಧ್ಯ ಹುಟ್ಟಿರುವುದು ತೀರಾ ಬಡ ಮಣ್ಣಿನಲ್ಲಿ. ಕೋಟ್ಯಂತರ ವರ್ಷಗಳಿಂದ ಇಲ್ಲಿ ಹೊಸ ಪರ್ವತಗಳು ಎದ್ದಿಲ್ಲ, ಹಿಮನದಿಗಳು ನೆಲವನ್ನು ಕೆರೆದು ಹೊಸ ಮಣ್ಣು ತಂದಿಲ್ಲ. ಮಳೆ ಮಾತ್ರ ಮಣ್ಣಿನ ಸಾರವನ್ನು ತೊಳೆಯುತ್ತಲೇ ಬಂದಿದೆ. ರಂಜಕವಂತೂ ಅತ್ಯಲ್ಪ. ಅಂಥ ಮಣ್ಣಿನಲ್ಲಿ ಯಾವ ಒಂದು ಗಿಡವೂ ಸೊಂಪಾಗಿ ಬೆಳೆದು ಉಳಿದವನ್ನು ಅದುಮಿಬಿಡಲಾರದು. ಪ್ರತಿಯೊಂದು ಜಾತಿಯೂ ಬದುಕುವ ಬೇರೊಂದು ಉಪಾಯವನ್ನು ಕಂಡುಕೊಂಡಿದೆ.

ಆ ಉಪಾಯಗಳನ್ನು ನೋಡುವುದೇ ಅಲ್ಲಿನ ಆನಂದ. ಒಂದೇ ಕುಟುಂಬಕ್ಕೆ ಸೇರಿದ ಬ್ಯಾಂಕ್ಸಿಯಾ, ಗ್ರೆವಿಲಿಯಾ, ಹಾಕಿಯಾ ಎಂಬ ಗಿಡಗಳು ಮಣ್ಣಿನ ಮೇಲ್ಪದರದಲ್ಲಿ ಒತ್ತೊತ್ತಾದ ಕಿರುಬೇರುಗಳ ಗೊಂಚಲನ್ನು ಬಿಟ್ಟು, ಅಲ್ಲಿಂದ ಸಾವಯವ ಆಮ್ಲಗಳನ್ನು ಸ್ರವಿಸಿ, ಮಣ್ಣಿನ ಕಣಗಳಿಗೆ ಅಂಟಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತವೆ. ಈ ಕುಟುಂಬದ ಒಬ್ಬರನ್ನು ನೀವು ಬಹಳ ವರ್ಷಗಳಿಂದ ಬಲ್ಲಿರಿ: ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಪೂರ್ವ ಆಸ್ಟ್ರೇಲಿಯಾ ಮೂಲದ ಗ್ರೆವಿಲಿಯಾ. ಮಲೆನಾಡಿನಲ್ಲಿ ನಾವು ಆಸ್ಟ್ರೇಲಿಯಾದ ಅಕೇಶಿಯ, ನೀಲಗಿರಿಗಳನ್ನು ನೆಡುತೋಪಿನ ಏಕತಾನದಲ್ಲಿ ಮಾತ್ರ ನೋಡಿದ್ದೇವೆ. ತವರಿನಲ್ಲಿ ಆ ಕುಲಗಳಿಗೆ ನೂರಾರು ರೂಪಗಳಿವೆ, ಅಕೇಶಿಯದಲ್ಲೇ ಸುಮಾರು ಸಾವಿರ ಜಾತಿಗಳಿವೆ ಎಂಬುದನ್ನು ಕಣ್ಣಾರೆ ಕಂಡಾಗ ಆ ಮರಗಳ ಬಗ್ಗೆ ನಮ್ಮ ಅಭಿಪ್ರಾಯವೇ ಬದಲಾಗುತ್ತದೆ. ಇನ್ನು ಕೆಲವು ಗಿಡಗಳು ಸಾರಕ್ಕಾಗಿ ಕೀಟಗಳನ್ನೇ ಹಿಡಿಯುತ್ತವೆ. ಮುರಕಲ್ಲಿನ ಹಾಸಿನ ಮೇಲೆ ಮಳೆಗಾಲದಲ್ಲಿ ಕಾಣುವ, ಎಲೆಯ ತುಂಬ ಅಂಟುಹನಿಗಳಿರುವ ಡ್ರೊಸೆರಾ ನಮ್ಮಲ್ಲೂ ಇದೆ. ನೈಋತ್ಯ ಆಸ್ಟ್ರೇಲಿಯಾ ಆ ಕುಲದ ಮುಖ್ಯ ತವರುಗಳಲ್ಲಿ ಒಂದು. ಅಲ್ಲಿ ಅದು ನೆಲಕ್ಕಂಟಿದ ನಾಣ್ಯದ ಗಾತ್ರದ ಎಲೆಚಕ್ರವಾಗಿಯೂ ಸಿಗುತ್ತದೆ, ಪಕ್ಕದ ಪೊದೆಯನ್ನು ಹಿಡಿದು ಹತ್ತುವ ಬಳ್ಳಿಯಾಗಿಯೂ ಸಿಗುತ್ತದೆ.

ಒಂದು ಹೂವಿನ ಮುಂದೆ ಮಾತ್ರ ನೀವು ದಯವಿಟ್ಟು ಮೊಣಕಾಲೂರಿ ಕೂರಬೇಕು. ಅದು ಟ್ರಿಗರ್ ಪ್ಲಾಂಟ್, ಸ್ಟೈಲಿಡಿಯಂ ಕುಲದ್ದು. ಹೂವು ಕಿರುಬೆರಳ ಉಗುರಿಗಿಂತ ದೊಡ್ಡದೇನಲ್ಲ. ತಿಳಿಗುಲಾಬಿ, ಬಿಳಿ ಅಥವಾ ಹಳದಿಯ ನಾಲ್ಕು ಎಸಳು. ಚೆನ್ನಾಗಿ ನೋಡಿದರೆ ಎಸಳುಗಳ ಕೆಳಗೆ, ಹೂವಿನ ಬೆನ್ನಿಗೆ, ಒಂದು ಸಣ್ಣ ಕಡ್ಡಿ ಬಾಗಿಕೊಂಡಿರುತ್ತದೆ. ಕೇಸರವೂ ಶಲಾಕೆಯೂ ಕೂಡಿಕೊಂಡು ಆಗಿರುವ ಕಂಬ ಅದು. ಹತ್ತಿರ ಬಿದ್ದಿರುವ ಒಣಹುಲ್ಲಿನ ಎಳೆಯೊಂದರಿಂದ ಹೂವಿನ ನಡುಭಾಗವನ್ನು ಮೆಲ್ಲನೆ ಮುಟ್ಟಿ. ಆ ಕಡ್ಡಿ ಹಿಂದಿನಿಂದ ಮುಂದಕ್ಕೆ ಚಿಮ್ಮಿ ಹುಲ್ಲಿನ ಎಳೆಗೆ ಬಡಿದಿರುತ್ತದೆ. ಬಡಿದದ್ದು ಕಾಣುತ್ತದೆಯೇ ಹೊರತು ಬಡಿಯುವುದು ಕಾಣುವುದಿಲ್ಲ, ಏಕೆಂದರೆ ಇಡೀ ಚಲನೆಗೆ ಬೇಕಾಗುವುದು ಒಂದು ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಜೇನುಹನಿಗಾಗಿ ಬಂದ ದುಂಬಿಯ ಮೈಮೇಲೆ ಹೀಗೆ ಪರಾಗ ಬೀಳುತ್ತದೆ. ಕಂಬ ಅದೇ ಹೂವಿನ ಮುಂದಿನ ಹಂತದಲ್ಲಿ ಪರಾಗವನ್ನು ಸ್ವೀಕರಿಸುವ ಅಂಗವಾಗುತ್ತದೆ. ಒಮ್ಮೆ ಮುಟ್ಟಿ ನೋಡಿದ ಮೇಲೆ ಅಲ್ಲಿಯೇ ಕುಳಿತಿರಿ. ಕೆಲವು ನಿಮಿಷಗಳಲ್ಲಿ ಕಡ್ಡಿ ನಿಧಾನವಾಗಿ ಹಿಂದಕ್ಕೆ ಬಾಗಿ ಮತ್ತೆ ಸಜ್ಜಾಗುವುದನ್ನು ಕಾಣಬಹುದು. ಎರಡನೆಯ ಸಲ ಮುಟ್ಟದೆ ಅದನ್ನು ದುಂಬಿಗೆ ಬಿಟ್ಟುಬಿಡಿ.

ಬ್ಯಾಂಕ್ಸಿಯಾದ ಹೂಗೊಂಚಲನ್ನೂ ಹೀಗೆಯೇ ಹತ್ತಿರದಿಂದ ನೋಡಬೇಕು. ಒಂದೊಂದು ಗೊಂಚಲಲ್ಲಿ ನೂರಾರು, ಕೆಲವು ಜಾತಿಗಳಲ್ಲಿ ಸಾವಿರಕ್ಕೂ ಮಿಕ್ಕಿ ಪುಟ್ಟ ಹೂಗಳು ಸಾಲುಗಟ್ಟಿರುತ್ತವೆ. ಜೇನುಗುಟುಕ ಹಕ್ಕಿಗಳು ಹಗಲಿನಲ್ಲಿ, ಸುಮಾರು ಹತ್ತು ಗ್ರಾಂ ತೂಕದ ಹನಿ ಪೋಸಮ್ ಎಂಬ ಪುಟ್ಟ ಸ್ತನಿ ರಾತ್ರಿಯಲ್ಲಿ ಅವುಗಳ ಮಕರಂದ ಹೀರುತ್ತವೆ. ಎನೇಬಾದ ಕಡೆಯ ಬ್ಯಾಂಕ್ಸಿಯಾಗಳಲ್ಲಿ ಹಲವು ತಮ್ಮ ಬೀಜಗಳನ್ನು ಗಟ್ಟಿ ಕಾಯಿಯೊಳಗೆ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು, ಬೆಂಕಿ ಹಾಯ್ದ ಮೇಲೆ ಮಾತ್ರ ಉದುರಿಸುತ್ತವೆ. ಇನ್ನೂ ಅನೇಕ ಗಿಡಗಳ ಬೀಜಗಳು ಮಣ್ಣಿನಲ್ಲಿದ್ದು ಹೊಗೆಯ ಸುಳಿವಿನಿಂದ ಎಚ್ಚರಗೊಳ್ಳುತ್ತವೆ. ಹೊಗೆಯಲ್ಲಿರುವ ಆ ಸಂಯುಕ್ತವನ್ನು 2004ರಲ್ಲಿ ಗುರುತಿಸಿದವರು ಪರ್ತ್‌ನ ವಿಜ್ಞಾನಿಗಳೇ. ದಾರಿಯಲ್ಲಿ ಸುಟ್ಟು ಕಪ್ಪಾದ ಬಯಲು ಸಿಕ್ಕರೆ ಬೇಸರದಿಂದ ಮುಂದೆ ಹೋಗಬೇಡಿ. ಬೆಂಕಿಯ ನಂತರದ ಮೊದಲ ವಸಂತದಲ್ಲಿ, ಬೇರೆ ಸಮಯದಲ್ಲಿ ಕಾಣಸಿಗದ ಆರ್ಕಿಡ್‌ಗಳು ಅಲ್ಲಿ ಅರಳಿರುವ ಸಂಭವವಿದೆ.

ಮಲ್ಲೆವಾದ ಕಡೆಗೆ ಬಂದರೆ ದೃಶ್ಯ ಪೂರ್ತಿ ಬದಲಾಗುತ್ತದೆ. ಕೆಂಪು ಮಣ್ಣು, ಗೋಧಿ ಹೊಲ, ಅದರಾಚೆ ಎವರ್‌ಲಾಸ್ಟಿಂಗ್‌ಗಳ ಹಾಸು. ಈ ಹೂವಿನಲ್ಲಿ ಎಸಳಿನಂತೆ ಕಾಣುವುದು ಎಸಳಲ್ಲ, ಒಣಗಿದ ಕಾಗದದಂತಿರುವ ಉಪಪತ್ರ. ಬಿಸಿಲಿಗೆ ಬಿಚ್ಚಿಕೊಂಡು, ಮೋಡ ಕವಿದಾಗ ಮತ್ತು ಸಂಜೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಹೊತ್ತನ್ನು ಇದಕ್ಕೆಂದೇ ಇಡಿ. ಕೋಲ್‌ಸೀಮ್ ಉದ್ಯಾನ ಇದನ್ನು ನೋಡಲು ಉತ್ತಮ ಸ್ಥಳ. ಮಲ್ಲೆವಾದ ಪೂರ್ವಕ್ಕೆ ಸುಮಾರು 30 ಕಿ.ಮೀ. ದೂರದ ಪಿಂಡಾರ್ ಬಳಿಯ ಜಲ್ಲಿರಸ್ತೆಗಳ ಅಂಚಿನಲ್ಲಿ ಲೆಶನೌಲ್ಟಿಯಾ ಮ್ಯಾಕ್ರಾಂತಾ ಎಂಬ, ಸ್ಥಳೀಯರು ರೀತ್ ಫ್ಲವರ್ ಎನ್ನುವ ಗಿಡವಿದೆ. ನೆಲಕ್ಕೆ ಒರಗಿ ಸುತ್ತಲೂ ಹರಡುವ ಈ ಗಿಡದ ನಡುವೆ ಹಸಿರೆಲೆ, ಅಂಚಿನ ಸುತ್ತ ಮಾತ್ರ ಕೆನೆ ಮತ್ತು ಕೆಂಪು ಬಣ್ಣದ ಹೂ. ಯಾರೋ ಹೂವಿನ ಹಾರವನ್ನು ಕೆಂಪು ಜಲ್ಲಿಯ ಮೇಲೆ ದುಂಡಗೆ ಇಟ್ಟು ಹೋದಂತೆ ಕಾಣುತ್ತದೆ. ರಸ್ತೆ ಸಮಮಾಡುವ ಯಂತ್ರ ಕೆದಕಿದ ಮಣ್ಣಿನಲ್ಲೇ ಅದು ಚೆನ್ನಾಗಿ ಮೊಳೆಯುವುದರಿಂದ ಕಾಡಿನೊಳಗೆ ಹುಡುಕುವ ಅಗತ್ಯವಿಲ್ಲ. ಈ ವರ್ಷ ಯಾವ ತಿರುವಿನಲ್ಲಿ ಬಿಟ್ಟಿದೆ ಎಂಬುದನ್ನು ಮಲ್ಲೆವಾದ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ.

ರಸ್ತೆಯ ಅಂಚಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗೋಧಿ ಬೆಳೆಯುವ ಈ ವಲಯದ ಬಹುಭಾಗದಲ್ಲಿ ಮೂಲ ಸಸ್ಯವರ್ಗದ ಶೇಕಡ 90ಕ್ಕೂ ಹೆಚ್ಚು ಭಾಗವನ್ನು ಕಡಿದು ಹೊಲ ಮಾಡಲಾಗಿದೆ. ಎಷ್ಟೋ ಕಡೆ ಹಳೆಯ ಕಾಡು ಉಳಿದಿರುವುದು ರಸ್ತೆಯ ಎರಡೂ ಬದಿಯ ಕೆಲವೇ ಮೀಟರ್ ಅಗಲದ ಪಟ್ಟಿಯಲ್ಲಿ ಮಾತ್ರ. ಸಸ್ಯಸಂಪತ್ತು ಚೆನ್ನಾಗಿ ಉಳಿದಿರುವ ಇಂಥ ಕೆಲವು ರಸ್ತೆಗಳಿಗೆ ‘ಫ್ಲೋರಾ ರೋಡ್’ ಎಂಬ ಫಲಕವನ್ನೇ ಹಾಕಿದ್ದಾರೆ. ನೀವು ಹೂ ಕಂಡಲ್ಲಿ ಕಾರನ್ನು ಅಂಚಿಗೆ ಇಳಿಸಿದರೆ ನೋಡಬಂದದ್ದನ್ನೇ ಚಕ್ರದಡಿಗೆ ಹಾಕಿದಂತಾಗುತ್ತದೆ. ಅಧಿಕೃತ ನಿಲುಗಡೆಯ ಜಾಗದಲ್ಲಿ ಕಾರು ಬಿಟ್ಟು ಅರ್ಧ ಕಿಲೋಮೀಟರ್ ಹಿಂದಕ್ಕೆ ನಡೆದು ಬನ್ನಿ. ಕಾರಿನಿಂದ ಒಂದು ಬಣ್ಣವಾಗಿ ಕಂಡದ್ದು ಆಗ ಹತ್ತಾರು ಜಾತಿಗಳಾಗಿ ಬಿಡಿಸಿಕೊಳ್ಳುತ್ತದೆ. ಸ್ಥಳೀಯ ಸಸ್ಯಗಳ ಒಂದು ಹೂವನ್ನು ಕೀಳುವುದೂ ಅಲ್ಲಿ ಕಾನೂನಿನ ಪ್ರಕಾರ ಅಪರಾಧ. ಅಂದಹಾಗೆ, ಹೊಲದ ಬದಿಯಲ್ಲಿ ಹಬ್ಬಿರುವ ಹಳದಿಯೆಲ್ಲ ಕಾಡುಹೂವಲ್ಲ. ಕಪ್ಪು ನಡುಭಾಗದ ತಿಳಿಹಳದಿ ಹೂವಾದರೆ ಅದು ದಕ್ಷಿಣ ಆಫ್ರಿಕಾದಿಂದ ಬಂದ ಕೇಪ್‌ವೀಡ್ ಎಂಬ ಕಳೆ, ಎಕರೆಗಟ್ಟಲೆ ಹಳದಿಯಾದರೆ ಕನೋಲಾ ಎಂಬ ಎಣ್ಣೆಬೀಜದ ಬೆಳೆ. ಸಂದೇಹ ಬಂದಾಗ ಚಿತ್ರ ತೆಗೆದು ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ, ಅಥವಾ ಪಶ್ಚಿಮ ಆಸ್ಟ್ರೇಲಿಯಾದ ಸಸ್ಯಸಂಗ್ರಹಾಲಯದ ಫ್ಲೋರಾಬೇಸ್ ತಾಣದಲ್ಲಿ ಹೋಲಿಸಿ ನೋಡಿ.

ಸಂಜೆ ನಾಲ್ಕೂವರೆಯ ಹೊತ್ತಿಗೆ ಆ ದಿನದ ತಂಗುದಾಣ ಸೇರಿಬಿಡಿ. ಮುಸ್ಸಂಜೆ ಮತ್ತು ನಸುಕಿನಲ್ಲಿ ಕಾಂಗರೂಗಳು ರಸ್ತೆಗೆ ಬರುತ್ತವೆ, ಒಳನಾಡಿನ ರಾತ್ರಿ ಸಂಚಾರ ಅಪಾಯಕರ. ಬಾಡಿಗೆ ಕಾರುಗಳ ಒಪ್ಪಂದದಲ್ಲೂ ಜಲ್ಲಿರಸ್ತೆ ಮತ್ತು ರಾತ್ರಿ ಚಾಲನೆಗೆ ಅನೇಕ ವೇಳೆ ನಿರ್ಬಂಧವಿರುತ್ತದೆ, ಓದಿಕೊಂಡೇ ಸಹಿ ಹಾಕಿ. ನೀರು, ಇಂಧನ ಯಾವಾಗಲೂ ಅಗತ್ಯಕ್ಕಿಂತ ಹೆಚ್ಚಿರಲಿ. ಮೊಬೈಲ್ ಸಂಪರ್ಕವನ್ನು ನೆಚ್ಚಬೇಡಿ. ತಂಗುವುದು ಊರಿನ ನಡುವಿನ ಮೋಟೆಲ್‌ಗಿಂತ ಜಮೀನಿನ ಅತಿಥಿಗೃಹವಾದರೆ ಒಳ್ಳೆಯದು, ಬಾಗಿಲು ತೆರೆದು ಹತ್ತು ಹೆಜ್ಜೆ ಇಟ್ಟರೆ ಕತ್ತಲು ಸಿಗಬೇಕು.

ಈಗ ಆಕಾಶ. ಸೂರ್ಯ ಮುಳುಗಿ ಒಂದೂವರೆ ಗಂಟೆಯಾದ ಮೇಲೆ, ಅಂದರೆ ಏಳೂವರೆಯ ಹೊತ್ತಿಗೆ, ಮೊದಲು ಪಶ್ಚಿಮಕ್ಕೆ ನೋಡಿ. ದಿಗಂತದಿಂದ ಮೇಲಕ್ಕೆ ಮಸುಕಾದ ಬೆಳಕಿನ ಗೋಪುರವೊಂದು ಓರೆಯಾಗಿ ಎದ್ದಿರುತ್ತದೆ. ಅದು ಯಾವುದೋ ಊರಿನ ದೀಪದ ಪ್ರಭೆಯಲ್ಲ; ಗ್ರಹಗಳ ನಡುವಿನ ಧೂಳು ಸೂರ್ಯನ ಬೆಳಕನ್ನು ಚದುರಿಸಿ ಉಂಟಾದ ರಾಶಿಚಕ್ರದ ಬೆಳಕು. ದಕ್ಷಿಣಾರ್ಧಗೋಳದಲ್ಲಿ ಅದನ್ನು ಸಂಜೆ ನೋಡಲು ಈ ತಿಂಗಳುಗಳೇ ಪ್ರಶಸ್ತ. ಅನಂತರ ಚಾಪೆ ಹಾಸಿ ಅಂಗಾತ ಮಲಗಿ. ನಮ್ಮ ಆಕಾಶಗಂಗೆಯ ಕೇಂದ್ರವಿರುವ ದಿಕ್ಕು ಖಗೋಳದ ದಕ್ಷಿಣ 29 ಡಿಗ್ರಿಯಲ್ಲಿದೆ, ಮಲ್ಲೆವಾ ಇರುವುದು ದಕ್ಷಿಣ ಅಕ್ಷಾಂಶ ಸುಮಾರು 28.5 ಡಿಗ್ರಿಯಲ್ಲಿ. ಆದ್ದರಿಂದ ಆಗಸ್ಟ್ 20ರ ಆಸುಪಾಸಿನಲ್ಲಿ ರಾತ್ರಿ ಎಂಟರ ಹೊತ್ತಿಗೆ ಆಕಾಶಗಂಗೆಯ ಅತಿ ದಟ್ಟವಾದ ಭಾಗ ನಿಮ್ಮ ನೆತ್ತಿಯ ನೇರಕ್ಕೆ ಬಂದು ನಿಲ್ಲುತ್ತದೆ. ಶಿವಮೊಗ್ಗದಲ್ಲಿ ಅದು ದಕ್ಷಿಣಕ್ಕೆ ಅರ್ಧ ಎತ್ತರದವರೆಗೆ ಮಾತ್ರ ಏರುತ್ತದೆ, ಅದೂ ಈ ತಿಂಗಳಲ್ಲಿ ಮಳೆಮೋಡದ ಮರೆಯಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಆ ಅವಧಿಯಲ್ಲಿ ಮೊಬೈಲ್ ತೆರೆಯಬೇಡಿ, ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಳ್ಳಿ.

ಕಣ್ಣು ಹೊಂದಿಕೊಂಡ ಮೇಲೆ ನಕ್ಷತ್ರಗಳನ್ನು ಬಿಟ್ಟು ಅವುಗಳ ನಡುವಿನ ಕಪ್ಪನ್ನು ನೋಡಿ. ನಾವು ತ್ರಿಶಂಕು ಎನ್ನುವ ದಕ್ಷಿಣ ಶಿಲುಬೆ ಆ ಹೊತ್ತಿನಲ್ಲಿ ನೈಋತ್ಯಕ್ಕೆ, ದಿಗಂತದಿಂದ ಚಾಚಿದ ಕೈಯ ಮೂರು ಮುಷ್ಟಿಯಷ್ಟು ಎತ್ತರದಲ್ಲಿ, ಪಕ್ಕಕ್ಕೆ ಒರಗಿರುತ್ತದೆ. ಅದಕ್ಕೆ ತಾಗಿರುವ ಕಪ್ಪು ಮಚ್ಚೆಯೇ ಕೋಲ್‌ಸ್ಯಾಕ್ ಎಂಬ ಧೂಳಿನ ಮೋಡ. ಅಲ್ಲಿಂದ ಹೊರಟ ಕಪ್ಪು ಪಟ್ಟೆ ಸೆಂಟಾರಸ್ ನಕ್ಷತ್ರಪುಂಜದ ಎರಡು ಉಜ್ವಲ ನಕ್ಷತ್ರಗಳನ್ನು ಹಾದು ವೃಶ್ಚಿಕದವರೆಗೆ ಅಗಲವಾಗುತ್ತ ಬರುತ್ತದೆ. ಕೋಲ್‌ಸ್ಯಾಕ್ ತಲೆ, ಪಟ್ಟೆ ಕುತ್ತಿಗೆ, ನೆತ್ತಿಯ ಮೇಲಿನ ಕಪ್ಪು ಉಬ್ಬು ಮೈ: ಹೀಗೆ ಆಕಾಶದ ಅರ್ಧವನ್ನೇ ತುಂಬಿರುವ ಎಮು ಹಕ್ಕಿಯನ್ನು ಈ ಪ್ರದೇಶದ ವಾಜಾರಿ ಯಮಾಜಿ ಜನರೂ ಸೇರಿದಂತೆ ಆಸ್ಟ್ರೇಲಿಯಾದ ಅನೇಕ ಮೂಲನಿವಾಸಿ ಸಮುದಾಯಗಳು ತಲೆತಲಾಂತರದಿಂದ ಗುರುತಿಸಿವೆ. ಪೂರ್ವ ಭಾಗದ ಕಮಿಲರಾಯ್ ಜನರಿಗೆ ಇದು ಕಾಲಸೂಚಕವೂ ಆಗಿತ್ತು. ಏಪ್ರಿಲ್–ಮೇ ಸಂಜೆಗಳಲ್ಲಿ ಅದು ಓಡುತ್ತಿರುವಂತೆ ಕಂಡರೆ ಎಮುಗಳು ಜೊತೆಗೂಡುವ ಕಾಲ. ಜೂನ್–ಜುಲೈನಲ್ಲಿ ಕಾಲುಗಳು ಮಸುಕಾಗಿ ಕುಳಿತಂತೆ ಕಂಡರೆ ಗಂಡು ಎಮು ಕಾವಿಗೆ ಕೂತ ಕಾಲ. ಗಂಡು ಸುಮಾರು ಎಂಟು ವಾರ ಹೆಚ್ಚುಕಡಿಮೆ ಉಪವಾಸವಿದ್ದು ಕಾವು ಕೊಡುತ್ತದೆ. ನೀವು ಹೋಗುವ ಹೊತ್ತಿಗೆ ಮೈಮೇಲೆ ಗೆರೆಗಳಿರುವ ಮರಿಗಳನ್ನು ಹಿಂದೆ ಕಟ್ಟಿಕೊಂಡು ರಸ್ತೆ ದಾಟುವ ತಂದೆ ಎಮುವನ್ನು ಹಗಲಿನಲ್ಲಿ ಕಾಣುವ ಸಾಧ್ಯತೆ ಸಾಕಷ್ಟಿದೆ. ಮೊದಲನೆಯದು ದಾಟಿತೆಂದು ವೇಗ ಹೆಚ್ಚಿಸದೆ ಉಳಿದವುಗಳಿಗಾಗಿ ನಿಲ್ಲಿ.

ದೂರದರ್ಶಕವಿಲ್ಲದ್ದಕ್ಕೆ ಚಿಂತೆ ಬೇಡ. ಬೈನಾಕ್ಯುಲರಿನಲ್ಲಿ ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛ ನೈಋತ್ಯದ ಕಡೆ ಮಂಜಿನ ಉಂಡೆಯಾಗಿ ಕಾಣುತ್ತದೆ. ಅದರಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ. ಆಗ್ನೇಯಕ್ಕೆ ಬರಿಗಣ್ಣಿಗೇ ತುಂಡುಮೋಡದಂತೆ ಕಾಣುವುದು ಕಿರಿಯ ಮೆಗೆಲನ್ ಮೋಡ, ಸುಮಾರು ಎರಡು ಲಕ್ಷ ಜ್ಯೋತಿರ್ವರ್ಷ ದೂರದ ಬೇರೆಯೇ ಗ್ಯಾಲಕ್ಸಿ. ಹಿರಿಯ ಮೋಡವನ್ನು ನೋಡಲು ಒಂದು ದಿನವಾದರೂ ಬೆಳಗಿನ ಐದಕ್ಕೆ ಮುಂಚೆ ಏಳಬೇಕು. ಅದೇ ಹೊತ್ತಿನಲ್ಲಿ ಆಗ್ನೇಯದಲ್ಲಿ ನಿಮಗೆ ಪರಿಚಿತವಾದ ಅಗಸ್ತ್ಯ ನಕ್ಷತ್ರವೂ ಇರುತ್ತದೆ. ನಮ್ಮಲ್ಲಿ ಚಳಿಗಾಲದ ರಾತ್ರಿ ದಕ್ಷಿಣ ದಿಗಂತದಿಂದ ಹೆಚ್ಚು ಮೇಲೇರದ ಅದು ಅಲ್ಲಿ ತನ್ನ ಪೂರ್ತಿ ಹೊಳಪಿನಲ್ಲಿರುತ್ತದೆ. ಬೆಚ್ಚನೆಯ ಬಟ್ಟೆ ಮರೆಯಬೇಡಿ, ಒಳನಾಡಿನ ಆಗಸ್ಟ್ ರಾತ್ರಿಗಳಲ್ಲಿ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ.

ಜೆರಾಲ್ಟನ್‌ನ ಈಶಾನ್ಯಕ್ಕೆ 300 ಕಿ.ಮೀ.ಗೂ ದೂರದಲ್ಲಿರುವ ಮರ್ಚಿಸನ್ ರೇಡಿಯೊ ವೀಕ್ಷಣಾಲಯಕ್ಕೆ ಹೋಗಬಹುದೇ ಎಂದು ಹಲವರು ಕೇಳುತ್ತಾರೆ. ರೇಡಿಯೊ ಮೌನ ಕಾಪಾಡಬೇಕಾದ ವಲಯವಾದ್ದರಿಂದ ಅಲ್ಲಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಆದರೆ ಅಲ್ಲಿನ ಮರ್ಚಿಸನ್ ವೈಡ್‌ಫೀಲ್ಡ್ ಅರೇ ದೂರದರ್ಶಕದ ನಿರ್ಮಾಣದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಪಾಲುಗೊಂಡಿದೆ ಎಂಬುದು ನಮಗೆ ಸಂತೋಷದ ಸಂಗತಿ.

ಮಗಳ ರಜೆ ಹೊಂದದೆ ಪ್ರವಾಸ ಸೆಪ್ಟೆಂಬರ್ ಕೊನೆಗೆ ಹೋದರೆ ಉತ್ತರದ ಹಾದಿಯನ್ನು ಬಿಟ್ಟುಬಿಡಿ. ಹೂವಿನ ಕಾಲ ಅಷ್ಟರಲ್ಲಿ ದಕ್ಷಿಣಕ್ಕೆ ಸರಿದಿರುತ್ತದೆ. ಸ್ಟರ್ಲಿಂಗ್ ಶ್ರೇಣಿ ಮತ್ತು ಫಿಟ್ಜ್‌ಜೆರಾಲ್ಡ್ ನದಿ ರಾಷ್ಟ್ರೀಯ ಉದ್ಯಾನಗಳು ಆಗ ಉತ್ತಮ ಸ್ಥಿತಿಯಲ್ಲಿರುತ್ತವೆ. ಆ ಕಡೆ ಹೋಗುವಾಗ ಒಂದು ಎಚ್ಚರಿಕೆ ಅಗತ್ಯ. ಫೈಟಾಫ್ತೊರ ಸಿನ್ನಮೋಮಿ ಎಂಬ ಬೇರುಕೊಳೆ ರೋಗಕಾರಕ ಒದ್ದೆ ಮಣ್ಣಿನೊಡನೆ ಬೂಟು, ಚಕ್ರಗಳಿಗೆ ಅಂಟಿ ಹರಡುತ್ತದೆ. ನೈಋತ್ಯದ ಸ್ಥಳೀಯ ಸಸ್ಯಜಾತಿಗಳಲ್ಲಿ ಸುಮಾರು ಶೇಕಡ 40ರಷ್ಟು ಅದಕ್ಕೆ ಬಲಿಯಾಗಬಲ್ಲವು, ಬ್ಯಾಂಕ್ಸಿಯಾಗಳು ಅವುಗಳಲ್ಲಿ ಮುಂಚೂಣಿಯಲ್ಲಿವೆ. ಕಾಲುಹಾದಿಗಳ ಆರಂಭದಲ್ಲಿ ಬೂಟು ಉಜ್ಜುವ ಬ್ರಷ್ ಇಟ್ಟಿರುವ ಕಡೆ ಹೋಗುವಾಗಲೂ ಬರುವಾಗಲೂ ತಪ್ಪದೆ ಬಳಸಿ, ಹಾದಿ ಬಿಟ್ಟು ಇಳಿಯಬೇಡಿ, ಮಳೆ ಬಂದ ಮರುದಿನ ಕಾಡಿನೊಳಗಿನ ಮಣ್ಣುರಸ್ತೆಗಳಿಗೆ ಕಾರು ಒಯ್ಯಬೇಡಿ. ಊರಿನಿಂದ ಹೊರಡುವಾಗಲೇ ಬೂಟಿನ ಅಟ್ಟೆಯ ಗೆರೆಗಳಲ್ಲಿ ಸಿಕ್ಕ ಮಣ್ಣನ್ನೆಲ್ಲ ತೊಳೆದು ಒಣಗಿಸಿ ಇಟ್ಟುಕೊಳ್ಳಿ. ಪರ್ತ್ ವಿಮಾನ ನಿಲ್ದಾಣದಲ್ಲಿ ಅವುಗಳನ್ನೂ, ತಿಂಡಿ ಮತ್ತು ಬೀಜಗಳೇನಾದರೂ ಇದ್ದರೆ ಅವನ್ನೂ ಘೋಷಿಸಿ ತೋರಿಸಬೇಕಾಗುತ್ತದೆ.